ಕೋಟ್‌ಗಢದ ಸೇಬಿನ ತೋಟದಲ್ಲಿ

ನಮ್ಮ ನಾಡಿನ ಮನೆಗಳಲ್ಲಿ ಸೇಬು ಬಹುಕಾಲ ರೋಗಿಯ ಹಣ್ಣಾಗಿತ್ತು. ಆಸ್ಪತ್ರೆಯಲ್ಲಿರುವ ಬಂಧುಗಳನ್ನು ಕಾಣಲು ಹೋಗುವಾಗ ಒಯ್ಯುತ್ತಿದ್ದ ಆ ಹಣ್ಣು ಯಾವ ಮಣ್ಣಿನದು, ಯಾರ ದುಡಿಮೆಯ ಫಲ ಎಂದು ವಿಚಾರಿಸಿದವರು ವಿರಳ. ಮಕ್ಕಳಿಗೆ ಅದರ ಮೂಲವನ್ನು ತೋರಿಸಬೇಕೆಂಬ ಹಂಬಲದಿಂದ ಶರದೃತುವಿನ ಆರಂಭದಲ್ಲಿ ನಮ್ಮ ಕುಟುಂಬವು ಹಿಮಾಚಲ ಪ್ರದೇಶದ ಕೋಟ್‌ಗಢಕ್ಕೆ ಪ್ರವಾಸ ಕೈಗೊಂಡಿತು.

ಶಿಮ್ಲಾದಿಂದ ನಾರ್ಕಂಡಾ ಮಾರ್ಗವಾಗಿ ಸುಮಾರು 80 ಕಿ.ಮೀ. ಕ್ರಮಿಸಿದರೆ ಈ ಪ್ರದೇಶ ಸಿಗುತ್ತದೆ. ಮೇಲೆ ದೇವದಾರು ವೃಕ್ಷಗಳು, ಕೆಳಗೆ ಸಟ್ಲೆಜ್ ನದಿಯ ಆಳವಾದ ಕಣಿವೆ, ನಡುವಣ ಇಳಿಜಾರುಗಳಲ್ಲಿ ಕೆಂಪು ಹಣ್ಣುಗಳ ಭಾರಕ್ಕೆ ಬಾಗಿದ ಗಿಡಗಳು.

ಈ ಸಮೃದ್ಧಿಯ ಹಿಂದೆ ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ಮಹನೀಯರಿದ್ದಾರೆ. ಅಮೆರಿಕದ ಫಿಲಡೆಲ್ಫಿಯಾದ ಶ್ರೀಮಂತ ಮನೆತನದ ಇವರು 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಭಾರತಕ್ಕೆ ಬಂದು, ಕೋಟ್‌ಗಢದ ಕನ್ಯೆಯನ್ನು ವರಿಸಿ ಇಲ್ಲಿಯೇ ನೆಲೆಸಿದರು. ಅಮೆರಿಕದ ಡೆಲಿಷಸ್ ಎಂಬ ಸಿಹಿ ತಳಿಯ ಸಸಿಗಳನ್ನು 1916ರಲ್ಲಿ ತರಿಸಿ ನೆಟ್ಟು, ನೆರೆಯ ರೈತರಿಗೂ ಬೆಳೆಯುವ ಬಗೆಯನ್ನು ಕಲಿಸಿದರು. ಬೇಗಾರ್ ಎಂಬ ಬಿಟ್ಟಿ ಚಾಕರಿಯ ವಿರುದ್ಧ ಗಿರಿಜನರ ಪರವಾಗಿ ಹೋರಾಡಿದರು. 1921ರಲ್ಲಿ ಸ್ವಾತಂತ್ರ್ಯ ಚಳವಳಿಗಾಗಿ ಸೆರೆವಾಸವನ್ನೂ ಅನುಭವಿಸಿದರು. 1932ರಲ್ಲಿ ಹಿಂದೂ ಧರ್ಮವನ್ನು ಸ್ವೀಕರಿಸಿ ಸತ್ಯಾನಂದರೆನಿಸಿದರು. ಥಾಣೇದಾರ್‌ನಲ್ಲಿ ಅವರು ಕಟ್ಟಿಸಿದ ಮಂದಿರದ ಮರದ ಕೆಲಸದಲ್ಲಿ ಉಪನಿಷತ್ತು ಹಾಗೂ ಗೀತೆಯ ವಾಕ್ಯಗಳನ್ನು ಕೆತ್ತಲಾಗಿದೆ.

ತೋಟದ ಯಜಮಾನರು ಅನುಮತಿಯಿತ್ತಾಗ ನಮ್ಮ ಕಿರಿಯ ಮಗಳು ಹಣ್ಣಿಗೆ ಕೈ ಚಾಚಿದಳು. “ಎಳೆಯಬೇಡ ಮಗಳೇ, ಅಂಗೈಯಲ್ಲಿ ಹಿಡಿದು ಮೇಲೆತ್ತಿ ಮೆಲ್ಲನೆ ತಿರುಗಿಸು” ಎಂದು ಅವರು ಹಿಂದಿಯಲ್ಲಿ ತಿಳಿಹೇಳಿದರು. ತೊಟ್ಟಿನ ಬುಡದ ಗಿಡ್ಡ ಕವಲಿನಲ್ಲಿ ಬರುವ ವರ್ಷದ ಮೊಗ್ಗು ಅಡಗಿರುತ್ತದೆ. ಎಳೆದರೆ ಅದೂ ಮುರಿದು ಮುಂದಿನ ಫಲವೂ ನಷ್ಟವಾಗುತ್ತದೆ. ಈ ಒಂದು ಮಾತನ್ನು ಮಕ್ಕಳು ಯಾವ ಪಾಠಕ್ಕಿಂತಲೂ ಚೆನ್ನಾಗಿ ಗ್ರಹಿಸಿದರು.

ರೈತರ ಬವಣೆಯೂ ಅಲ್ಪವಲ್ಲ. ಡೆಲಿಷಸ್ ಗಿಡಕ್ಕೆ ಚಳಿಗಾಲದಲ್ಲಿ ಸುಮಾರು 1000 ಗಂಟೆಗಳಷ್ಟು ದೀರ್ಘವಾದ ಚಳಿ ಬೇಕು. ಅದು ದೊರೆಯದಿದ್ದರೆ ವಸಂತದಲ್ಲಿ ಹೂವು ಸರಿಯಾಗಿ ಅರಳದು. ಹಿಮಪಾತ ಕಡಿಮೆಯಾಗುತ್ತಿರುವುದರಿಂದ ಸೇಬಿನ ಬೇಸಾಯವು ಕಿನ್ನೌರ್, ಲಾಹೌಲ್‌ಗಳಂತಹ ಎತ್ತರದ ಸೀಮೆಗಳತ್ತ ಏರುತ್ತಿದೆ. ಆಲಿಕಲ್ಲಿನ ಒಂದು ಮಳೆ ವರ್ಷದ ಶ್ರಮವನ್ನೇ ಹಾಳುಗೆಡವಬಲ್ಲದು. ಪೆಟ್ಟಿಗೆಯೊಂದರಲ್ಲಿ ಮಿತಿಮೀರಿ ಹಣ್ಣು ತುಂಬಿಸಿಕೊಂಡು ಪೆಟ್ಟಿಗೆಯ ಲೆಕ್ಕದಲ್ಲಿ ಬೆಲೆ ಕಟ್ಟುವ ರೂಢಿಯಿಂದ ಬೆಳೆಗಾರರು ಬಹುಕಾಲ ನೊಂದಿದ್ದರು. 2024ರಲ್ಲಿ ರಾಜ್ಯ ಸರ್ಕಾರವು ಸುಮಾರು 20 ಕಿ.ಗ್ರಾಂ. ಹಿಡಿಯುವ ಏಕರೂಪದ ಪೆಟ್ಟಿಗೆಯನ್ನು ಕಡ್ಡಾಯಗೊಳಿಸಿತು.

ಈ ಪ್ರವಾಸವನ್ನು ಕೈಗೊಳ್ಳಬಯಸುವ ಕುಟುಂಬಗಳು ಕೆಲವು ಸಂಗತಿಗಳನ್ನು ಗಮನಿಸುವುದು ಲೇಸು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಳೆಯಿಂದ ಗುಡ್ಡ ಕುಸಿದು ರಸ್ತೆಗಳು ಮುಚ್ಚುವುದುಂಟು. ಸೆಪ್ಟೆಂಬರ್ ಹೆಚ್ಚು ಹಿತಕರ. ಹಿರಿಯರಿಗೂ ಮಕ್ಕಳಿಗೂ ಬೆಚ್ಚನೆಯ ಉಡುಪು ಅವಶ್ಯ. ಅಪ್ಪಣೆಯಿಲ್ಲದೆ ತೋಟವನ್ನು ಪ್ರವೇಶಿಸಬಾರದು. ಕೊಯ್ದ ಹಣ್ಣಿಗೆ ತಕ್ಕ ಬೆಲೆಯನ್ನು ಕೊಡಲೇಬೇಕು. ಸಾಧ್ಯವಾದರೆ ಕೊಯ್ಲು, ವಿಂಗಡಣೆ, ಪೆಟ್ಟಿಗೆ ತುಂಬುವ ಕೆಲಸಗಳನ್ನು ಮಕ್ಕಳಿಗೆ ತೋರಿಸಿರಿ. ಒಂದು ಹಣ್ಣಿನ ಹಿಂದೆ ಎಷ್ಟು ಕೈಗಳಿವೆ ಎಂಬುದನ್ನು ಕಣ್ಣಾರೆ ಕಂಡ ಮಗು ಅನ್ನವನ್ನಾಗಲಿ ಹಣ್ಣನ್ನಾಗಲಿ ಸುಲಭವಾಗಿ ಚೆಲ್ಲಲಾರದು.