ಫ್ಯಾಕ್ಟ್ ಚೆಕ್: ಸತ್ತವರ ಕಣ್ಣು ಹಾಕಿಸಿಕೊಂಡರೆ ಅವರ ಕಾಯಿಲೆಯೂ ಬರುತ್ತದೆಯೇ?

ಸಾರಾಂಶ

“ಸತ್ತವರ ಕಣ್ಣು ಹಾಕಿಸಿಕೊಂಡರೆ ಅವರಿಗಿದ್ದ ಕಾಯಿಲೆಯೆಲ್ಲ ನಿಮಗೆ ಬರುತ್ತದೆ. ಏಡ್ಸ್ ಕೂಡ ಬರಬಹುದು. ದಯವಿಟ್ಟು ಎಲ್ಲರಿಗೂ ಕಳಿಸಿ” ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ನಾವು ಪರಿಶೀಲಿಸಿದಾಗ ಇದು ಬಹುಪಾಲು ತಪ್ಪು ಎಂದು ತಿಳಿದುಬಂತು. ಕಾರ್ನಿಯಾ ಕಸಿಯಲ್ಲಿ ಸೋಂಕಿನ ಅಪಾಯ ಇದೆ, ಆದರೆ ಅದು ಹೆಚ್ಚಾಗಿ ಬರುವುದು ದಾನಿಯಿಂದ ಅಲ್ಲ.

ಈ ಸಂದೇಶ ಯಾಕೆ ಮುಖ್ಯ?

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಕಡೆಯ ನಮ್ಮ ಬಂಧುಗಳ ಗುಂಪಿಗೂ ಈ ಸಂದೇಶ ಬಂತು. ಅದೇ ಗುಂಪಿನಲ್ಲಿ ನಮ್ಮ ದೊಡ್ಡಪ್ಪ ಇದ್ದಾರೆ. ತೋಟದಲ್ಲಿ ತೆಂಗಿನ ಗರಿ ಕಣ್ಣಿಗೆ ಹೊಡೆದು, ಹುಣ್ಣಾಗಿ, ಕೊನೆಗೆ ಬಿಳಿ ಕಲೆ ಉಳಿಯಿತು. ಕಾರ್ನಿಯಾ ಬದಲಿಸಿದರೆ ದೃಷ್ಟಿ ಬರಬಹುದು ಎಂದು ಡಾಕ್ಟರು ಹೇಳಿದ್ದರು. ಸಂದೇಶ ಓದಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: “ಇನ್ನೊಬ್ಬರ ರೋಗ ನಂಗ್ಯಾಕಮ್ಮ? ಒಂದು ಕಣ್ಣಲ್ಲೇ ಇರ್ತೀನಿ ಬಿಡು.”

ಒಂದು ಫಾರ್ವರ್ಡ್ ಹೀಗೆ ಒಬ್ಬರ ದೃಷ್ಟಿಯನ್ನು ತಡೆಯಬಹುದು. ಸಾವಿನ ಮನೆಯಲ್ಲಿ ನೇತ್ರದಾನದ ಮಾತು ಬಂದಾಗ ಅದನ್ನೂ ನಿಲ್ಲಿಸಬಹುದು.

ಇಡೀ ಕಣ್ಣನ್ನೇ ಬದಲಿಸುತ್ತಾರೆಯೇ?

ಇಲ್ಲ. ಬದಲಿಸುವುದು ಕಾರ್ನಿಯಾವನ್ನು ಮಾತ್ರ. ಕಣ್ಣಿನ ಕಪ್ಪು ಭಾಗದ ಮುಂದೆ ವಾಚಿನ ಗಾಜಿನಂತೆ ಇರುವ ಪಾರದರ್ಶಕ ಪದರ ಇದು. ದಪ್ಪ ಸುಮಾರು ಅರ್ಧ ಮಿಲಿಮೀಟರ್. ಕೆಲವೊಮ್ಮೆ ಅದನ್ನೂ ಪೂರ್ತಿ ಹಾಕುವುದಿಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ನಿಧನರಾದಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಎರಡು ಕಾರ್ನಿಯಾಗಳ ಮುಂದಿನ ಮತ್ತು ಹಿಂದಿನ ಪದರಗಳನ್ನು ಬೇರ್ಪಡಿಸಿ ನಾಲ್ವರಿಗೆ ಕಸಿ ಮಾಡಿದರು.

ಆರೋಗ್ಯವಾದ ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ದಾನಿಯ ರಕ್ತದಲ್ಲಿದ್ದ ರೋಗ ಅದರ ಮೂಲಕ ದಾಟುವುದು ತೀರಾ ಅಪರೂಪ ಆಗಿರುವುದಕ್ಕೆ ಇದೂ ಒಂದು ಕಾರಣ. ಬಿಪಿ, ಶುಗರ್ ಇದ್ದವರ ಕಣ್ಣು ಪಡೆದರೆ ಬಿಪಿ, ಶುಗರ್ ಬರುವುದಿಲ್ಲ. ಅವರೂ ನೇತ್ರದಾನ ಮಾಡಬಹುದು.

ಏಡ್ಸ್ ಬರುತ್ತದೆಯೇ?

ಕಾರ್ನಿಯಾ ಕಸಿಯಿಂದ ಎಚ್‌ಐವಿ ಹರಡಿದ ದೃಢಪಟ್ಟ ಪ್ರಕರಣ ಈವರೆಗೆ ಇಲ್ಲ. ಆದರೂ ನೇತ್ರ ಬ್ಯಾಂಕ್‌ಗಳು ದಾನಿಯ ರಕ್ತದ ಮಾದರಿ ತೆಗೆದುಕೊಂಡು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಸಿಫಿಲಿಸ್ ಪರೀಕ್ಷೆ ಮಾಡುತ್ತವೆ. ಒಂದು ಪಾಸಿಟಿವ್ ಬಂದರೂ ಆ ಕಾರ್ನಿಯಾವನ್ನು ಯಾರಿಗೂ ಹಾಕುವುದಿಲ್ಲ.

ಹಾಗಾದರೆ ದಾನಿಯಿಂದ ಏನೂ ಬಂದೇ ಇಲ್ಲವೇ?

ಬಂದಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಅತಿ ಗಂಭೀರವಾದುದು ರೇಬೀಸ್, ಅಂದರೆ ಹುಚ್ಚುನಾಯಿ ರೋಗ. 1978ರಲ್ಲಿ ಅಮೆರಿಕದಲ್ಲಿ ದಾನಿಗೆ ರೇಬೀಸ್ ಇದ್ದದ್ದು ಗೊತ್ತಾಗದೆ, ಕಾರ್ನಿಯಾ ಪಡೆದವರು ಸಾವನ್ನಪ್ಪಿದರು. ಆಮೇಲೆ ಭಾರತದಲ್ಲೂ ಇಂಥ ಸಾವುಗಳು ವರದಿಯಾಗಿವೆ. ರೇಬೀಸ್ ವೈರಸ್ ರಕ್ತದಲ್ಲಿ ಅಲ್ಲ, ನರಗಳ ಮೂಲಕ ಸಾಗುತ್ತದೆ. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲದಿದ್ದರೂ ನರಗಳು ಹೇರಳವಾಗಿವೆ.

ಆದ್ದರಿಂದಲೇ ರೇಬೀಸ್, ಮಿದುಳಿನ ಉರಿಯೂತ, ರಕ್ತದಲ್ಲಿ ಹರಡಿದ ಸೋಂಕು, ಲ್ಯುಕೇಮಿಯಾ ಇದ್ದವರ ಅಥವಾ ಸಾವಿನ ಕಾರಣ ತಿಳಿಯದವರ ಕಣ್ಣುಗಳನ್ನು ಕಸಿಗೆ ಬಳಸುವುದಿಲ್ಲ. ಇಲ್ಲಿ ಮನೆಯವರ ಪಾತ್ರ ದೊಡ್ಡದು. ತೀರಿಕೊಂಡವರಿಗೆ ಈಚೆಗೆ ನಾಯಿ ಕಚ್ಚಿತ್ತೇ, ಕೊನೆಯ ದಿನಗಳಲ್ಲಿ ನೀರು ಕುಡಿಯಲು ಹೆದರುತ್ತಿದ್ದರೇ, ಬುದ್ಧಿ ಭ್ರಮಣೆಯಾದಂತೆ ಆಡುತ್ತಿದ್ದರೇ ಎಂದು ನೇತ್ರ ಬ್ಯಾಂಕ್‌ನವರು ಕೇಳಿದಾಗ ಇದ್ದದ್ದನ್ನು ಇದ್ದಂತೆ ಹೇಳಿ.

ಕಣ್ಣನ್ನು ಹೇಗೆ ಶುಚಿಯಾಗಿ ಇಡುತ್ತಾರೆ?

ಸಾವಿನ ನಂತರ ಸಾಮಾನ್ಯವಾಗಿ 6 ಗಂಟೆಯೊಳಗೆ ತರಬೇತಿ ಪಡೆದವರು ಮನೆಗೇ ಬಂದು ಕಣ್ಣು ಸಂಗ್ರಹಿಸುತ್ತಾರೆ. ಮೊದಲು ಪೊವಿಡೋನ್ ಅಯೋಡಿನ್ ದ್ರಾವಣದಿಂದ ಸ್ವಚ್ಛ ಮಾಡುತ್ತಾರೆ. ಕಾರ್ನಿಯಾವನ್ನು ಆ್ಯಂಟಿಬಯೋಟಿಕ್ ಇರುವ ದ್ರಾವಣದಲ್ಲಿ ಹಾಕಿ ತಂಪಾಗಿ ಇಡುತ್ತಾರೆ. ದ್ರಾವಣದ ಬಗೆಗೆ ತಕ್ಕಂತೆ ಅದು 4 ದಿನದಿಂದ 14 ದಿನದವರೆಗೆ ಉಳಿಯುತ್ತದೆ.

ಹಾಗಿದ್ದರೆ ನಿಜವಾದ ಅಪಾಯ ಎಲ್ಲಿದೆ?

ಆಪರೇಷನ್ ಆದ ಮೇಲೆ, ಮನೆಯಲ್ಲಿ. ಕಣ್ಣಿನ ಒಳಭಾಗಕ್ಕೆ ತಗಲುವ ತೀವ್ರ ಸೋಂಕು ಸಾಮಾನ್ಯವಾಗಿ ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ ಕಾಣುತ್ತದೆ. ಅದಕ್ಕಿಂತ ಹೆಚ್ಚಾಗಿ ಕಾಣುವುದು ಹೊಸ ಕಾರ್ನಿಯಾದ ಮೇಲೆಯೇ ಆಗುವ ಹುಣ್ಣು. ಇದಕ್ಕೆ ಕಾರಣಗಳಿವೆ.

ಕಾರ್ನಿಯಾವನ್ನು ಕೂದಲಿಗಿಂತ ತೆಳುವಾದ ದಾರದಿಂದ ಹೊಲಿದಿರುತ್ತಾರೆ. ಹೊಲಿಗೆ ಹಲವು ತಿಂಗಳು, ಕೆಲವರಿಗೆ ವರ್ಷಕ್ಕೂ ಹೆಚ್ಚು ಕಾಲ ಇರುತ್ತದೆ. ದಾರ ಸಡಿಲವಾದರೆ ಆ ಜಾಗದಲ್ಲಿ ಸೋಂಕು ಸೇರುತ್ತದೆ. ಹೊಸ ಕಾರ್ನಿಯಾವನ್ನು ದೇಹ ತಿರಸ್ಕರಿಸದಿರಲಿ ಎಂದು ಸ್ಟೀರಾಯ್ಡ್ ಡ್ರಾಪ್ಸ್ ಕೊಡುತ್ತಾರೆ. ಅದು ಬೇಕೇ ಬೇಕು. ಆದರೆ ಅದೇ ಡ್ರಾಪ್ಸ್ ಕಣ್ಣಿನ ಸೋಂಕು ತಡೆಯುವ ಶಕ್ತಿಯನ್ನೂ ತಗ್ಗಿಸುತ್ತದೆ. ಹಾಗಾಗಿ ಅದನ್ನು ನೀವಾಗಿ ನಿಲ್ಲಿಸುವುದೂ ತಪ್ಪು, ಹೇಳಿದ್ದಕ್ಕಿಂತ ಹೆಚ್ಚು ದಿನ ಹಾಕುವುದೂ ತಪ್ಪು.

ಹಳ್ಳಿಯಲ್ಲಿ ಇರುವವರು ಇವನ್ನು ನೆನಪಿಡಿ:

• ಕೈ ಸೋಪಿನಲ್ಲಿ ತೊಳೆದೇ ಡ್ರಾಪ್ಸ್ ಹಾಕಿ. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು.
• ಡಾಕ್ಟರು ಒಪ್ಪುವವರೆಗೆ ಕೆರೆ, ಕಾಲುವೆ, ಡ್ಯಾಂ ನೀರಿನಲ್ಲಿ ಮುಖ ತೊಳೆಯಬೇಡಿ, ಈಜಬೇಡಿ.
• ಒಕ್ಕಣೆ, ಹುಲ್ಲಿನ ದೂಳು, ತೆಂಗಿನ ಗರಿ ಕಡಿಯುವ ಕೆಲಸದಿಂದ ದೂರವಿರಿ. ಹೊರಗೆ ಹೋದಾಗ ಕನ್ನಡಕ ಇರಲಿ.
• ಹರಳೆಣ್ಣೆ, ಎದೆಹಾಲು, ಜೇನು, ಸೊಪ್ಪಿನ ರಸ ಯಾವುದನ್ನೂ ಕಣ್ಣಿಗೆ ಬಿಡಬೇಡಿ.

ಯಾವಾಗ ತಕ್ಷಣ ಆಸ್ಪತ್ರೆಗೆ ಹೋಗಬೇಕು?

ಕಣ್ಣು ಕೆಂಪಾದರೆ, ಬೆಳಕು ನೋಡಲು ಆಗದಿದ್ದರೆ, ದೃಷ್ಟಿ ಮಂಜಾದರೆ, ನೋವು ಬಂದರೆ ಅದೇ ದಿನ ಹೋಗಿ. ನಾಲ್ಕರಲ್ಲಿ ಒಂದು ಕಂಡರೂ ಸಾಕು. ಸೋಂಕಿಗೂ, ದೇಹದ ತಿರಸ್ಕಾರಕ್ಕೂ ಲಕ್ಷಣ ಹೆಚ್ಚುಕಡಿಮೆ ಒಂದೇ, ಚಿಕಿತ್ಸೆ ಮಾತ್ರ ಬೇರೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಡ್ರಾಪ್ಸ್ ತರಬೇಡಿ. ಬೆಂಗಳೂರಿಗೆ ಹೋಗಲು ಭಾನುವಾರದವರೆಗೆ ಕಾಯಬೇಡಿ.

ಕೊನೆಯ ಮಾತು

ದಾನಿಯ ಎಲ್ಲ ಕಾಯಿಲೆಯೂ ಕಣ್ಣಿನ ಜೊತೆ ಬರುತ್ತದೆ ಎಂಬುದು ಸುಳ್ಳು. ಅಪರೂಪದ ಅಪಾಯಗಳನ್ನು ತಡೆಯಲು ಪರೀಕ್ಷೆ ಮತ್ತು ನಿಯಮಗಳಿವೆ. ಉಳಿದ ಅಪಾಯವನ್ನು ತಗ್ಗಿಸುವುದು ರೋಗಿ ಮತ್ತು ಮನೆಯವರ ಕೈಯಲ್ಲಿದೆ. ನಮ್ಮ ದೊಡ್ಡಪ್ಪನಿಗೂ ಇಷ್ಟನ್ನೇ ಹೇಳಿದೆವು. ಈಗ ಅವರ ಪ್ರಶ್ನೆ ಬದಲಾಗಿದೆ: “ಆಪರೇಷನ್ ಆದ್ಮೇಲೆ ಎಷ್ಟು ದಿನ ತೋಟಕ್ಕೆ ಹೋಗಬಾರದು?” ಅದನ್ನು ಡಾಕ್ಟರ ಬಳಿಯೇ ಕೇಳಲು ಹೇಳಿದ್ದೇವೆ. ಆ ಸಂದೇಶ ನಿಮ್ಮ ಗುಂಪಿಗೂ ಬಂದರೆ, ಮುಂದೆ ಕಳಿಸುವ ಬದಲು ಇದನ್ನು ಕಳಿಸಿ.