ಹೊಗೆಸೊಪ್ಪಿನ ಹರಾಜು ಮತ್ತು ನ್ಯಾಯಬದ್ಧ ಬೆಲೆ

ಜಾಗತೀಕರಣದ ಬಗ್ಗೆ ಜನಾಭಿಪ್ರಾಯವೇನೆಂದು ಕೇಳುವವರು ಪರ ಅಥವಾ ವಿರೋಧ ಎಂಬ ಒಂದೇ ಪದದ ಉತ್ತರವನ್ನು ನಿರೀಕ್ಷಿಸುವುದುಂಟು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಹೊಗೆಸೊಪ್ಪು ಬೆಳೆಗಾರರಲ್ಲಿ ಅಂಥ ಉತ್ತರ ದೊರೆಯದು. ಅವರ ಮನೋಭಾವವನ್ನು ಅರಿಯಲು ಹರಾಜಿನ ವ್ಯವಹಾರವನ್ನು ಮೊದಲು ಅರಿಯಬೇಕು.

ಈ ಸೀಮೆಯ ವರ್ಜೀನಿಯಾ ತಂಬಾಕು ಮಳೆಯಾಶ್ರಿತ ಬೆಳೆ. ಮೊದಲ ಮಳೆಗಳಿಗೆ ನಾಟಿಯಾದ ಗಿಡದಿಂದ ಎಲೆಗಳನ್ನು ಹಂತಹಂತವಾಗಿ ಮುರಿದು, ಬ್ಯಾರನ್‌ಗಳಲ್ಲಿ ಸೌದೆಯ ಕಾವಿನಿಂದ ಹದಗೊಳಿಸಿ, ದರ್ಜೆವಾರು ವಿಂಗಡಿಸಿ, ಬೇಲು ಕಟ್ಟಿ ಮಾರುಕಟ್ಟೆಗೆ ತರುತ್ತಾರೆ. 1975ರ ಕಾಯ್ದೆಯನ್ವಯ ರಚಿತವಾದ ತಂಬಾಕು ಮಂಡಳಿಯು ಬೆಳೆಗಾರರನ್ನು ನೋಂದಾಯಿಸಿ, ಬೆಳೆಯ ಪ್ರಮಾಣವನ್ನು ನಿಗದಿಪಡಿಸುತ್ತದೆ. ಕರ್ನಾಟಕದಲ್ಲಿ 1984ರಿಂದ ಹರಾಜನ್ನೂ ನಡೆಸುತ್ತಿದೆ. ಸೊಪ್ಪಿನ ದೊಡ್ಡ ಪಾಲು ರಫ್ತಾಗುವುದರಿಂದ ಬ್ರೆಜಿಲ್ ಅಥವಾ ಜಿಂಬಾಬ್ವೆಯಲ್ಲಿ ಇಳುವರಿ ಕುಸಿದರೆ ಪಿರಿಯಾಪಟ್ಟಣದಲ್ಲಿ ಬೆಲೆ ಏರಬಹುದು. ಅಲ್ಲಿ ಸಮೃದ್ಧಿಯಾದರೆ ಇಲ್ಲಿ ಇಳಿಯಬಹುದು.

ಆದ್ದರಿಂದಲೇ ಒಂದು ವರ್ಷ ವಿದೇಶಿ ಬೇಡಿಕೆಯನ್ನು ಹರಸುವ ರೈತನೇ ಮರುವರ್ಷ ಬೆಲೆ ಕುಸಿದಾಗ ಹರಾಜು ನಿಲ್ಲಿಸಿರೆಂದು ಧರಣಿ ಕೂರುತ್ತಾನೆ. ಇದನ್ನು ಚಂಚಲತೆ ಎನ್ನಲಾಗದು. ಅವನು ವ್ಯಾಪಾರವನ್ನು ಅಲ್ಲಗಳೆಯುತ್ತಿಲ್ಲ. ಬೆಲೆಯ ನಿರ್ಧಾರದಲ್ಲಿ ತನ್ನ ಮಾತಿಗೆ ಸ್ಥಾನವಿಲ್ಲವೆಂದು ದೂರುತ್ತಿದ್ದಾನೆ.

ನಿಯಮದ ಪ್ರಕಾರ, ಕೂಗಿದ ಬೆಲೆ ಒಪ್ಪಿಗೆಯಾಗದಿದ್ದರೆ ಬೇಲನ್ನು ಹಿಂದಕ್ಕೆ ಒಯ್ಯಬಹುದು. ಆದರೆ ಬ್ಯಾಂಕಿನ ಸಾಲ, ಕೂಲಿಯ ಬಾಕಿ, ಮನೆಯಲ್ಲಿಟ್ಟರೆ ಕೆಡುವ ಸೊಪ್ಪು ಇವುಗಳ ನಡುವೆ ಆ ಸ್ವಾತಂತ್ರ್ಯ ಎಷ್ಟರಮಟ್ಟಿಗೆ ಸ್ವಾತಂತ್ರ್ಯ? ಬೇರೆ ದಾರಿಯಿಲ್ಲದೆ ಕೊಟ್ಟ ಸಮ್ಮತಿಯು ಅನ್ಯಾಯದ ಕೂಲಿಯನ್ನು ನ್ಯಾಯವಾಗಿಸದೆಂದು ಜಗದ್ಗುರು ಹದಿಮೂರನೇ ಲಿಯೋರವರು 1891ರ 'ರೇರುಮ್ ನೊವಾರುಮ್' ಪರಿಪತ್ರದಲ್ಲಿ ಬೋಧಿಸಿದರು. 1967ರ 'ಪೊಪುಲೋರುಮ್ ಪ್ರೊಗ್ರೆಸ್ಸಿಯೊ'ದಲ್ಲಿ ಆರನೇ ಪೌಲರು ಇದೇ ತತ್ವವನ್ನು ರಾಷ್ಟ್ರಗಳ ನಡುವಣ ವ್ಯಾಪಾರಕ್ಕೂ ಅನ್ವಯಿಸಿದರು. ಅವರು ಮಾರುಕಟ್ಟೆಯನ್ನು ನಿರಾಕರಿಸಲಿಲ್ಲ; ಬಲದಲ್ಲಿ ಅಸಮರಾದವರ ನಡುವೆ ಮುಕ್ತ ವ್ಯಾಪಾರದ ನಿಯಮವೊಂದೇ ನ್ಯಾಯವನ್ನು ತಾರದೆಂದರು.

ಇಲ್ಲಿಗೇ ನಿಂತರೆ ನಮ್ಮ ವಿವೇಚನೆ ಅರ್ಧವಾದೀತು. ನ್ಯಾಯಬದ್ಧ ಬೆಲೆ ಸಿಕ್ಕರೂ ಈ ಸೊಪ್ಪು ಸೇದುವವನ ದೇಹವನ್ನು ಕೆಡಿಸುತ್ತದೆ. ಭಾರತವು 2004ರಲ್ಲಿ ಅಂಗೀಕರಿಸಿದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವು ತನ್ನ 17ನೇ ವಿಧಿಯಲ್ಲಿ ಬೆಳೆಗಾರರಿಗೆ ಪರ್ಯಾಯ ಜೀವನೋಪಾಯ ಒದಗಿಸುವುದನ್ನೂ ಹೇಳುತ್ತದೆ. ಆ ಮಾತನ್ನು ಮರೆತು ಬೆಳೆಯನ್ನಷ್ಟೇ ಖಂಡಿಸುವುದು ಜಗತ್ತಿನ ಆರೋಗ್ಯದ ಹೊರೆಯನ್ನು ಸಣ್ಣ ಹಿಡುವಳಿದಾರನೊಬ್ಬನ ತಲೆಗೇ ಹೊರಿಸಿದಂತೆ. ಇನ್ನೊಂದು ಪ್ರಶ್ನೆಯೂ ಉಳಿಯುತ್ತದೆ: ಜಿಂಬಾಬ್ವೆಯ ರೈತನ ಬರಗಾಲವು ನಮ್ಮ ಸುಗ್ಗಿಯಾದಾಗ, ನನ್ನ ನೆರೆಯವನು ಯಾರು?

ಕಳ್ಳ ತಕ್ಕಡಿಯ ವಿರುದ್ಧ ನುಡಿದ ಪ್ರವಾದಿ ಆಮೋಸನು ಸ್ವತಃ ಕುರಿ ಕಾಯುತ್ತಿದ್ದವನು, ಅತ್ತಿಮರಗಳನ್ನು ನೋಡಿಕೊಳ್ಳುತ್ತಿದ್ದವನು. ನಾವೂ ಪ್ರಬೋಧನೆಗೆ ಮುನ್ನ ಹರಾಜಿನ ದಿನ ಬೇಲುಗಳ ಸಾಲಿನಲ್ಲಿ ರೈತನೊಡನೆ ನಿಂತು, ಅವನ ಲೆಕ್ಕವನ್ನು ಕೇಳಿ ತಿಳಿಯುವುದು ಒಳಿತು. ಬೆಳೆಗಾರನನ್ನು ಪಾಪಿಯೆಂದು ದೂಷಿಸುವುದೂ ಸುಲಭ, ಬ್ಯಾರನ್ನಿನ ಮೇಲೆ ತೀರ್ಥ ಚಿಮುಕಿಸಿ ಮೌನವಾಗುವುದೂ ಸುಲಭ. ಇಂದಿನ ಬೆಲೆಯಲ್ಲಿ ನ್ಯಾಯವನ್ನೂ ನಾಳೆಗೆ ಬೇರೊಂದು ಬೆಳೆಯನ್ನೂ ಒಟ್ಟಿಗೆ ಕೇಳುವುದು ಕಷ್ಟ. ನಮ್ಮ ಪಾಲನಾಸೇವೆಗೆ ಒಪ್ಪಿಸಲಾಗಿರುವುದು ಆ ಕಷ್ಟದ ಕೆಲಸವೇ.