ಪ್ರಾಕಾರದ ಹೊರಗಿನ ವಿದ್ಯೆ

ವಿಶ್ವವಿದ್ಯಾನಿಲಯದ ವಿದ್ಯೆ ಅದರ ಪ್ರಾಕಾರದೊಳಗೇ ಉಳಿದರೆ ನಿಂತ ನೀರಾಗುತ್ತದೆ. ಈ ಎಚ್ಚರ ನಮ್ಮ ಹಿರಿಯರಿಗೆ ಇದ್ದಿತು. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ಮುಂದೆ ‘ಪ್ರಚಾರೋಪನ್ಯಾಸ’ಗಳನ್ನು ಏರ್ಪಡಿಸಿತು. ಅಧ್ಯಾಪಕರು ಊರುಗಳಿಗೆ ತೆರಳಿ ಸಾಹಿತ್ಯ, ಚರಿತ್ರೆ, ವಿಜ್ಞಾನಗಳನ್ನು ಜನರಿಗೆ ಕನ್ನಡದಲ್ಲಿ ತಿಳಿಸುತ್ತಿದ್ದರು. ಆ ಉಪನ್ಯಾಸಗಳು ಅಲ್ಪ ಬೆಲೆಯ ಕಿರುಹೊತ್ತಗೆಗಳಾಗಿ ಹೊರಬಂದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಇಂಥ ಕಾರ್ಯವನ್ನು ‘ವ್ಯಾಸಂಗ ವಿಸ್ತರಣ’ವೆಂದು ಕರೆಯಿತು. ಬಾಲ್ಯದಲ್ಲಿ ನಾನು ಕನ್ನಡದೊಡನೆ ಕಲಿತ ಮರಾಠಿಯಲ್ಲಿ ಇದರ ಹೆಸರು ‘ಬಹಿಃಶಾಲ ಶಿಕ್ಷಣ’. ಎಂದರೆ ಶಾಲೆಯ ಹೊರಗಿನ ಶಿಕ್ಷಣ.

ಇದರಿಂದ ಲಾಭ ಪಡೆದವರು ಕೇಳುಗರು ಮಾತ್ರವಲ್ಲ. ತರಗತಿಯಲ್ಲಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಬೋಧಿಸುತ್ತಿದ್ದ ಅಧ್ಯಾಪಕರು ಊರಿನ ಸಭೆಯಲ್ಲಿ ಕನ್ನಡದ ಪದವನ್ನು ಹುಡುಕಲೇಬೇಕಾಯಿತು. ಕನ್ನಡವು ಶಾಸ್ತ್ರಭಾಷೆಯಾಗಿ ಬೆಳೆಯಲು ಈ ಒತ್ತಾಯವೂ ಒಂದು ಕಾರಣ.

ಬ್ರಹ್ಮಸಮುದ್ರದಂಥ ಗಡಿಯೂರಿನಲ್ಲಿ ಈ ಕಾರ್ಯಕ್ಕೆ ಇನ್ನೊಂದು ಅರ್ಥವಿದೆ. ಅನಂತಪುರದ ಸೀಮೆಯಲ್ಲಿ ಕನ್ನಡ ಶಾಸನಗಳು ಹೇರಳ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯೂ ಈ ಸೀಮೆಯದೇ. ಆದರೆ ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತೆಲುಗನ್ನು ಮಾತ್ರ ಓದುವ ಮಕ್ಕಳಿಗೆ ತಮ್ಮ ನೆಲದ ಕಲ್ಬರಹವೇ ಅಪರಿಚಿತ. ಊರ ಹೆಸರುಗಳಲ್ಲಿ ‘ಸಮುದ್ರ’ವೆಂದರೆ ಸಾಮಾನ್ಯವಾಗಿ ದೊಡ್ಡ ಕೆರೆ, ಶಾಸನಗಳ ‘ಬಿತ್ತುವಟ್ಟ’ವೆಂದರೆ ಕೆರೆಯ ರಕ್ಷಣೆಗೆ ಬಿಟ್ಟ ದತ್ತಿ. ಆ ಪದವನ್ನು ಓದಬಲ್ಲವರು ನಾವು; ತೂಬು, ಕೋಡಿ, ಏರಿಗಳ ಮರ್ಮವನ್ನು ಬಲ್ಲವರು ರೈತರು. ಇಬ್ಬರೂ ಕೂಡಿದಾಗಲೇ ಶಾಸನದ ಅರ್ಥ ಪೂರ್ಣವಾಗುತ್ತದೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳೇ, ರಜೆಯಲ್ಲಿ ಊರಿಗೆ ಹೋದಾಗ ಒಂದು ಶಾಸನವನ್ನಾದರೂ ಜನರೆದುರು ಓದಿ ಅರ್ಥ ಹೇಳಿರಿ. ಬಳಿಕ ಅವರು ಹೇಳುವುದನ್ನು ಕೇಳಿ ಬರೆದುಕೊಳ್ಳಿರಿ.